ನೀರು ಹೋಗಿದೆ ಎಂದು ಬರೆದ ದಿನಗಳು

ಬ್ಯಾಟರಿ ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಎಂದರೆ ಜನ ಖುಷಿಪಡುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ, ಅವರು ಪುಣೆಯಲ್ಲಿ ಒಂದು ದಿನವೂ ಕೌಂಟರಿನ ಹಿಂದೆ ಕೂತವರಲ್ಲ. ನಾನು ಕೂತಿದ್ದೇನೆ. ಶಿವಾಜಿನಗರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ಸರ್ವಿಸ್ ಸೆಂಟರ್ ಇತ್ತು. ಮೂರು ಕಡೆ ಗಾಜು, ಒಂದು ಕಡೆ ಗೋಡೆ, ನಡುವೆ ನಾನು. ಹಿಂದಿನ ವರ್ಷ ಯಾರೋ ಸಾಮಾನು ಕದ್ದರೆಂದು ಆ ಗೂಡಿನ ಬಾಗಿಲಿಗೆ ವಿದ್ಯುತ್ ಬೀಗ ಹಾಕಿಸಿದ್ದರು. ಅದನ್ನು ತೆಗೆಯುವ ಗುಂಡಿ ಮೇಲ್ವಿಚಾರಕರ ಮೇಜಿನ ಕೆಳಗಿತ್ತು. ನನಗೆ ಬಚ್ಚಲಿಗೆ ಹೋಗಬೇಕಾದರೂ ಗಾಜಿನಾಚೆಯಿಂದ ಕೈ ಎತ್ತಿ ತೋರಿಸಬೇಕಿತ್ತು. ಮೂರನೆಯ ತರಗತಿಯಲ್ಲಿ ಕೂಡ ನಾನು ಅಷ್ಟು ಸಲ ಕೈ ಎತ್ತಿದವಳಲ್ಲ.

ನಮ್ಮದು ಅಂಗೈಯಗಲದ ಹಾಡಿನ ಪ್ಲೇಯರ್. ಒಳಗೆ ಮೊದಲೇ ತುಂಬಿಟ್ಟ ಹಳೆಯ ಹಾಡು, ಭಜನೆ, ಅಭಂಗಗಳು. ಮೊಬೈಲಿನ ಗೊಡವೆಯೇ ಬೇಡ ಎನ್ನುವ ಹಿರಿಯರಿಗೆ ಮಕ್ಕಳು ಕೊಡಿಸುತ್ತಿದ್ದರು. ಅದರಲ್ಲಿ ಒಂದು ಕಂತಿನಲ್ಲಿ ತಯಾರಾದ ಬ್ಯಾಟರಿಗಳು ಉಬ್ಬುತ್ತಿವೆ ಎಂದು ಗೊತ್ತಾಗಿ, ಕಂಪನಿ ಅವನ್ನು ಪುಕ್ಕಟೆ ಬದಲಾಯಿಸುವ ಯೋಜನೆ ತಂದಿತು. ಮರುದಿನದಿಂದಲೇ ಮೆಟ್ಟಿಲ ಮೇಲೆ ಸಾಲು.

ಮೊದಲ ದಿನ ಬಂದ ಅಜ್ಜ ಕಂಪನಿಯ ಪ್ರಕಟಣೆಯನ್ನು ಅಚ್ಚು ಹಾಕಿಸಿ, ಪೆನ್ನಿನಿಂದ ಗೆರೆ ಎಳೆದು ತಂದಿದ್ದರು. ಅದನ್ನು ನನ್ನ ಮುಂದೆ ಪೂರ್ತಿ ಓದಿದರು. ಆಮೇಲೆ ಶುದ್ಧ ಮರಾಠಿಯಲ್ಲಿ, ಮೊದಲು ತಪ್ಪು ನಿಮ್ಮದೆಂದು ಒಪ್ಪಿಕೊಳ್ಳಿ, ಬ್ಯಾಟರಿಯ ಮಾತು ಆಮೇಲೆ ಎಂದರು. ಇನ್ನೊಬ್ಬರಿಗೆ ಹಳೆಯ ಬ್ಯಾಟರಿ ವಾಪಸು ಬೇಕಿತ್ತು; ಮನೆಯ ವಸ್ತು ಮನೆಯಲ್ಲೇ ಇರಬೇಕಂತೆ. ಒಬ್ಬಾಕೆಯ ಪ್ಲೇಯರ್ ಪೂರಿಯ ಹಾಗೆ ಉಬ್ಬಿ ಹಿಂಬದಿಯೇ ಬಿಚ್ಚಿಕೊಂಡಿತ್ತು. ಆಕೆ ಅದಕ್ಕೆ ಕೂದಲಿಗೆ ಕಟ್ಟುವ ರಬ್ಬರ್ ಬ್ಯಾಂಡ್ ಸುತ್ತಿ ಎರಡು ತಿಂಗಳಿಂದ ಅಭಂಗ ಕೇಳುತ್ತಿದ್ದಳು. ಬ್ಯಾಟರಿ ಬೇಡ, ಗಟ್ಟಿಯಾದ ರಬ್ಬರ್ ಬ್ಯಾಂಡ್ ಇದ್ದರೆ ಕೊಡಿ ಎಂದು ನನ್ನನ್ನೇ ಕೇಳಿದಳು. ಪುಕ್ಕಟೆ ಕೊಡುತ್ತಾರೆಂದರೆ ಏನೋ ಮಸಲತ್ತು ಇರಲೇಬೇಕು ಎಂದು ಎಲ್ಲರ ಮುಖದಲ್ಲೂ ಬರೆದಿರುತ್ತಿತ್ತು. ನನಗೆ ಆಡಲು ಕಂಪನಿ ಬರೆದು ಕೊಟ್ಟದ್ದು ನಾಲ್ಕೇ ವಾಕ್ಯ. ಗಾಜಿನಾಚೆ ಕೂತ ಮೇಲ್ವಿಚಾರಕರ ಕಣ್ಣು ಕಿವಿ ಎರಡೂ ನನ್ನ ಮೇಲಿದ್ದವು. ಆ ನಾಲ್ಕನ್ನೇ ತಿರುಗಿಸಿ ಮುರುಗಿಸಿ ದಿನವಿಡೀ ಆಡುತ್ತಿದ್ದೆ.

ಮಾತೆಲ್ಲ ಮರಾಠಿಯಲ್ಲೇ. ನಾನು ಧಾರವಾಡದವಳು ಎಂಬುದನ್ನು ಕೌಂಟರಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕನ್ನಡದವರು ಬಹಳ ಬರುತ್ತಿದ್ದರು. ಎದುರಿಗಿರುವವಳು ನಮ್ಮಾಕೆ ಎಂದು ಗೊತ್ತಾಯಿತೋ, ಯಾವ ಓಣಿ, ಯಾರ ಪೈಕಿ ಎಂದು ಶುರುವಾಗಿ, ನಮ್ಮವರಲ್ಲೇನು, ಸ್ವಲ್ಪ ನೋಡಿ ಮಾಡಿ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅದಕ್ಕೆ ಕನ್ನಡ ಅರ್ಥವೇ ಆಗದವಳ ಮುಖ ಮಾಡಿಕೊಂಡು ಕೂರುವುದನ್ನು ಕಲಿತೆ. ಮದುವೆಯಾದ ಮೇಲೆ ಹನ್ನೊಂದು ವರ್ಷ ಮನೆಯಲ್ಲೇ ಇದ್ದು, ಆಮೇಲೆ ಸಿಕ್ಕ ಕೆಲಸ ಇದು. ಆಗತದೇನು ನಿನ್ನ ಕಡೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು. ಆಗುತ್ತದೆ ಎಂದು ತೋರಿಸುವ ಹಟ ನನಗಿತ್ತು.

ಯೋಜನೆಯಲ್ಲಿ ಒಂದು ಷರತ್ತಿತ್ತು. ಪ್ಲೇಯರಿನೊಳಗೆ ನೀರು ಹೋಗಿದ್ದರೆ ಬ್ಯಾಟರಿ ಸಿಗುವುದಿಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತಿನ ತಳದಲ್ಲಿ ಸಾಸಿವೆಯಷ್ಟು ದೊಡ್ಡ ಬಿಳಿ ಚುಕ್ಕೆ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ನಾನು ಬ್ಯಾಟರಿ ದೀಪ ಹಿಡಿದು ಒಳಗೆ ನೋಡಬೇಕು, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಬೇಕು. ಬಿಳಿಯಿದ್ದರೆ ಹೊಸ ಬ್ಯಾಟರಿ. ಕೆಂಪಿದ್ದರೆ ‘ನೀರು ಹೋಗಿದೆ’ ಎಂದು ಚೀಟಿ ಬರುತ್ತದೆ, ಅದಕ್ಕೆ ನಾನು ಸಹಿ ಹಾಕಿ ಕೊಡಬೇಕು. ಅಲ್ಲಿಗೆ ಆ ಪ್ಲೇಯರಿನ ನಂಬರೇ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ತಲೆ ಚಚ್ಚಿಕೊಂಡರೂ ಕಂಪ್ಯೂಟರ್ ಅದನ್ನು ತೆರೆಯುವುದಿಲ್ಲ.

ದಸರೆಯವರೆಗೆ ಕೆಂಪು ಕಂಡದ್ದು ಅಪರೂಪ. ದಸರೆ ಮುಗಿದ ವಾರದಿಂದ ಕೆಂಪೇ ಕೆಂಪು. ಮಳೆಗಾಲ ಮುಗಿದ ಮೇಲೆ ಇದೆಲ್ಲಿಯ ನೀರು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಸಾಲು ಉದ್ದವಿತ್ತು, ನನ್ನ ಕೆಲಸ ಬಣ್ಣ ನೋಡುವುದಾಗಿತ್ತು.

ನೀರು ಹೋಗಿದೆ ಎಂದೊಡನೆ ಜನ ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅವರು ಪಕ್ಕದಲ್ಲಿ ನಿಂತವರ ಕಡೆ ತಿರುಗುತ್ತಿದ್ದರು. ಗಂಡ ಹೆಂಡತಿಯ ಕಡೆ, ಅತ್ತೆ ಸೊಸೆಯ ಕಡೆ. ನೀನೇ ಬಚ್ಚಲಿಗೆ ಒಯ್ದಿರಬೇಕು, ನಿನ್ನ ಮಗನೇ ಹಾಲು ಚೆಲ್ಲಿರಬೇಕು ಎಂದು ನನ್ನ ಗಾಜಿನ ಮುಂದೆಯೇ ವಿಚಾರಣೆ ನಡೆಯುತ್ತಿತ್ತು. ಅಷ್ಟೂ ದಿನ ನಮ್ಮನ್ನು ನಂಬದಿದ್ದ ಜನ, ಆ ಒಂದು ಚೀಟಿಯನ್ನು ಮಾತ್ರ ದೇವರೇ ಬರೆದು ಕೊಟ್ಟದ್ದೆಂಬಂತೆ ನಂಬಿಬಿಡುತ್ತಿದ್ದರು.

ಆ ವಾರ ಚಿಂಚವಾಡದಿಂದ ಒಂದು ಜೋಡಿ ಬಂದಿತ್ತು. ಗಂಡ ಕಾರ್ಖಾನೆಯಿಂದ ನಿವೃತ್ತರಾದವರು, ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಜೋಡಿಸಿಕೊಂಡಿದ್ದರು. ನನ್ನೊಡನೆ ಮಾತು ಮರಾಠಿಯಲ್ಲಿ. ಹೆಂಡತಿ ಹಿಂದೆ ಕೈಚೀಲ ಹಿಡಿದು ನಿಂತಿದ್ದರು. ನಾನು ಚೀಟಿ ಕೊಟ್ಟಾಗ ಅವರು ಅದನ್ನು ಎರಡು ಸಲ ಓದಿ, ತಿರುಗಿ ಹೆಂಡತಿಗೆ ಕನ್ನಡದಲ್ಲಿ, “ನೋಡಿದ್ಯಾ? ನಾ ಹೇಳಿದ್ದೆ ಇಲ್ಲೋ?” ಎಂದರು. ಸಿಟ್ಟಿನಿಂದಲ್ಲ, ಬಹಳ ದಿನದ ಸಂಶಯ ಬಗೆಹರಿದವರ ದನಿಯಲ್ಲಿ. ನಾನು ಅರ್ಥವಾಗದವಳಂತೆ ಮುಂದಿನ ಟೋಕನ್ ಕರೆದೆ.

ಆ ರವಿವಾರ ಮುಂಜಾನೆ ನನ್ನ ಅತ್ತೆ ತಮ್ಮ ಪ್ಲೇಯರನ್ನು ತಂದು ನನ್ನ ಮುಂದಿಟ್ಟರು. ಊರಿಗೆಲ್ಲ ಬ್ಯಾಟರಿ ಹಾಕಿಕೊಡ್ತಿ, ನಂದೊಂದು ನೋಡಬಾರದೇನು ಎಂದರು. ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಕೆಂಪು.

“ನೀರಾಗ ಹಾಕೀರೇನ್ರಿ ಅತ್ತಿ?” ಎಂದೆ.

“ನೀರಿನ ಹತ್ತರ ನಾ ಯಾಕ ಒಯ್ಯಲಿ? ದೇವರ ಮನಿ ಬಿಟ್ಟು ಅದು ಎಲ್ಲೂ ಹೋಗಿಲ್ಲ” ಎಂದರು.

ದೇವರ ಮನೆ ಎಂದೊಡನೆ ನನಗೆ ನೆನಪಾಯಿತು. ಖಂಡೇನವಮಿಯ ಆಯುಧಪೂಜೆಯ ದಿನ ಅದನ್ನು ದೇವರ ಮುಂದೆ ಇಟ್ಟವಳು ನಾನೇ. ಸ್ಕೂಟರು, ಮಿಕ್ಸರು, ಹೊಲಿಗೆ ಯಂತ್ರ, ಈಳಿಗೆ, ಕೊನೆಗೆ ಈ ಪ್ಲೇಯರು, ಎಲ್ಲಕ್ಕೂ ನನ್ನ ಕೈಯಾರೆ ಅರಿಷಿಣ ಕುಂಕುಮ ಏರಿಸಿದ್ದೆ. ಸಾಲಾಗಿ ಕೂತ ಆಯುಧಗಳಿಗೆ ಚಿಟಿಕೆ ಚಿಟಿಕೆ ಉದುರಿಸುವಾಗ ಯಾವ ತೂತಿನೊಳಗೆ ಎಷ್ಟು ಬಿತ್ತೆಂದು ಯಾರು ನೋಡುತ್ತಾರೆ? ಪ್ಲೇಯರನ್ನು ತುಟಿಗೆ ಹಿಡಿದು ಜೋರಾಗಿ ಊದಿದೆ. ನನ್ನ ಮೂಗಿನ ಮೇಲೆ ಕೆಂಪು ಪುಡಿ ಹಾರಿತು. ಮತ್ತೆ ಬೆಳಕು ಬಿಟ್ಟು ನೋಡಿದರೆ ಚುಕ್ಕೆ ಹಾಲಿನಷ್ಟು ಬೆಳ್ಳಗಿತ್ತು.

ಒಂದು ಸಲ ಊದಿದ್ದರೆ ಸಾಕಿತ್ತು. ಅಷ್ಟೂ ಮನೆಗಳಲ್ಲಿ ಯಾರ ಮೇಲೆ ಯಾರು ಏನು ಹೊರಿಸಿದ್ದರೋ.

ಸೋಮವಾರ ಮೇಲ್ವಿಚಾರಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಅವರ ಮನೆಯಲ್ಲೂ ಮೋಟಾರ್ ಸೈಕಲ್ಲಿಗೆ ಕುಂಕುಮ ಹಚ್ಚುತ್ತಾರೆ. ಕೇಳಿ ಒಂದು ಗಳಿಗೆ ನಕ್ಕರು. ಆಮೇಲೆ ಕಂಪ್ಯೂಟರಿನಲ್ಲಿ ನೋಡಿ ನಗು ನಿಲ್ಲಿಸಿದರು. ದಸರೆಯ ನಂತರದ ಕೆಂಪು ಚೀಟಿಗಳು ಹತ್ತೊಂಬತ್ತು. ಒಂದೊಂದನ್ನೂ ಮತ್ತೆ ತೆರೆಯಬೇಕಾದರೆ ‘ತಪಾಸಣೆ ಮಾಡಿದವರ ತಪ್ಪು’ ಎಂಬ ಅರ್ಜಿ ಮೇಲಕ್ಕೆ ಹೋಗಬೇಕು. ತಪಾಸಣೆ ಮಾಡಿದವಳು ನಾನು. ಮುಂದಿನ ತಿಂಗಳು ನನ್ನ ಕರಾರು ಮುಗಿಯುವುದಿತ್ತು. ಹತ್ತೊಂಬತ್ತು ತಪ್ಪು ತಲೆಯ ಮೇಲೆ ಹೊತ್ತವಳ ಕರಾರನ್ನು ಮತ್ತೆ ಯಾರು ಬರೆದುಕೊಡುತ್ತಾರೆ, ನೀವೇ ಹೇಳಿ ಎಂದರು. ನಂತರ ದನಿ ತಗ್ಗಿಸಿ, ಇನ್ನು ಮುಂದೆ ಊದಿ ನೋಡಿ, ನಾನೇನೂ ನೋಡಿಲ್ಲ ಎಂದರು.

ನಾನು ಅದನ್ನು ಒಪ್ಪಿಕೊಂಡೆ. ಅವತ್ತಿನಿಂದ ಪ್ರತಿಯೊಂದು ಪ್ಲೇಯರನ್ನೂ ಮೊದಲು ಊದಿ ಆಮೇಲೆ ಫೋಟೋ ತೆಗೆದೆ. ಜನ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗುವಾಗ ಪುಣ್ಯ ಮಾಡಿದಂತೆ ಅನಿಸುತ್ತಿತ್ತು. ಆ ಹತ್ತೊಂಬತ್ತರಲ್ಲಿ ಯಾರಾದರೂ ಜಗಳಕ್ಕೆ ಬಂದರೆ ಆಗ ನೋಡಿದರಾಯಿತು ಎಂದುಕೊಂಡೆ. ಯಾರೂ ಬರಲಿಲ್ಲ. ಎಲ್ಲರೂ ತಮ್ಮ ಮನೆಯಲ್ಲೇ ತಪ್ಪಿತಸ್ಥರನ್ನು ಹುಡುಕಿಕೊಂಡಿದ್ದರು.

ಎರಡು ವಾರದ ನಂತರ ಒಂದು ಮಧ್ಯಾಹ್ನ ಚಿಂಚವಾಡದ ಆ ಹೆಂಗಸು ಒಬ್ಬರೇ ಬಂದರು. ಸಾಲು ಇರಲಿಲ್ಲ. ಮೇಲ್ವಿಚಾರಕರು ಊಟಕ್ಕೆ ಹೋಗಿದ್ದರು, ಹಾಗಾಗಿ ನಾನು ಗೂಡಿನೊಳಗೇ ಬಂದಿ. ಆಕೆ ಟೋಕನ್ ಕೂಡ ತೆಗೆದುಕೊಳ್ಳದೆ ಗಾಜಿನ ಕಿಂಡಿಯ ಮುಂದೆ ಕೂತು, ಬರದ ಮರಾಠಿಯಲ್ಲಿ ಏನೋ ಹೇಳಲು ಶುರು ಮಾಡಿ, ಎರಡು ಶಬ್ದಕ್ಕೇ ತಡವರಿಸಿದರು. ಕಣ್ಣಲ್ಲಿ ನೀರು ತುಂಬಿತು. ನನ್ನ ಬಾಯಿಂದ ಕನ್ನಡ ತಾನಾಗಿ ಹೊರಬಿತ್ತು.

“ಕನ್ನಡದಾಗ ಹೇಳ್ರಿ ಅಕ್ಕಾರ. ತಿಳೀತದ ನನಗ.”

ಆಕೆ ಬೆಚ್ಚಿ ನನ್ನನ್ನೇ ನೋಡಿದರು. “ಯವ್ವಾ, ನಮ್ಮಾಕಿನೇ ಇದ್ದೀಯೇನು!” ಎಂದು ಕಿಂಡಿಯೊಳಗೆ ಕೈ ಹಾಕಿ ನನ್ನ ಕೈ ಹಿಡಿದರು. “ತಂಗಿ, ನನಗ ಬ್ಯಾಟರಿ ಗೀಟರಿ ಏನೂ ಬ್ಯಾಡ. ಒಂದ ಮಾತ ಹೇಳು. ಅದರಾಗ ನೀರು ಹೋಗಿದ್ದು ಖರೇನ ಏನು?”

ಯಾಕೆ ಕೇಳುತ್ತೀರಿ ಎಂದೆ.

ಆಕೆ ಹೇಳಿದ್ದು ಇಷ್ಟು. ಬೇಸಿಗೆಯಲ್ಲಿ ಒಂದು ಸಲ ಹಾಲಿಟ್ಟು ಗ್ಯಾಸ್ ಆರಿಸಲು ಮರೆತಿದ್ದರು. ಇನ್ನೊಂದು ಸಲ ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತ್ತು. ಅಂದಿನಿಂದ ಗಂಡನಿಗೂ ಮಗನಿಗೂ ಇವರಿಗೆ ಮರೆವಿನ ರೋಗ ಶುರುವಾಗಿದೆ ಎಂಬ ಸಂಶಯ. ಇವರು ಇಲ್ಲ ಎಂದು ವಾದಿಸುತ್ತಿದ್ದರು. ಅಷ್ಟರಲ್ಲಿ ನಮ್ಮ ಚೀಟಿ ಹೋಯಿತು. ತಮ್ಮ ಅಂಗಿಯ ಕಿಸೆಯಲ್ಲಿದ್ದ ಪ್ಲೇಯರನ್ನು ಬಟ್ಟೆಯ ಜೊತೆ ನೆನೆಸಿ, ತೆಗೆದು ಒರೆಸಿಟ್ಟು, ಎಲ್ಲ ಮರೆತಿದ್ದಾಳೆ ಎಂದು ಗಂಡ ತೀರ್ಮಾನಿಸಿದರು.

“ನಾ ಹಂಗ ಮಾಡಿಲ್ಲ ಅಂತೀನಿ. ಮಾಡಿದ್ದು ನೆನಪಿಲ್ಲ, ಅದ ರೋಗ ಅಂತಾರ. ಅದಕ್ಕ ನಾ ಏನ ಹೇಳ್ಲಿ, ಹೇಳು? ಈಗ ಒಬ್ಬಾಕಿನ್ನ ಒಲಿ ಮುಂದ ಬಿಡೂದಿಲ್ಲ. ಮೊಮ್ಮಗನ್ನ ಸಾಲಿ ಬಸ್ಸಿನಿಂದ ಇಳಿಸ್ಕೊಳ್ಳಾಕ ನನ್ನ ಕಳಸೂದಿಲ್ಲ. ಎಲ್ಲೆರೆ ಬಿಟ್ಟು ಬಂದೀ ಅಂತಾರ. ನಾ ಖರೇನ ಮರೀತೀನೇನೋ ಅಂತ ನನಗ ಅನಸಾಕ ಹತ್ತೇದ ತಂಗಿ. ಇವತ್ತ ಗುಡಿಗೆ ಹೋಗ್ತೀನಿ ಅಂತ ಹೇಳಿ ಲೋಕಲ್ ಹತ್ತಿ ಬಂದೀನಿ.”

ಪ್ಲೇಯರ್ ಎಲ್ಲಿದೆ ಎಂದೆ. ಚೀಲದಿಂದ ತೆಗೆದು ಕೊಟ್ಟರು. ಬೆಳಕು ಬಿಟ್ಟು ಅವರಿಗೆ ತೋರಿಸಿದೆ, ಕೆಂಪು. ಕಿಂಡಿಯ ಹತ್ತಿರ ಹಿಡಿದು ಊದಿದೆ. ಮತ್ತೆ ತೋರಿಸಿದೆ, ಬಿಳಿ. ಕಿಂಡಿಯ ಬಿಳಿ ಹಲಗೆಯ ಮೇಲೆ ಬಿದ್ದ ಪುಡಿಯನ್ನು ಆಕೆ ಬೆರಳಿಗೆ ತಾಗಿಸಿ ಮೂಸಿ ನೋಡಿದರು.

“ಕುಂಕುಮ!” ಎಂದರು. “ಖಂಡೇನವಮಿಗೆ ನಾನ ಹಚ್ಚೀನಿ ಇದನ್ನ. ಟೀವಿ ರಿಮೋಟಿಗೂ ಹಚ್ಚೀನಿ. ಮಗನ ಲ್ಯಾಪ್‌ಟಾಪಿಗೆ ಹಚ್ಚಾಕ ಹೋದ್ರ ಸೊಸಿ ಬ್ಯಾಡ ಅಂದ್ಲು. ಎಲ್ಲಾ ನೆನಪದ ನನಗ, ನೋಡು! ಎಲ್ಲಾ ನೆನಪದ!”

ಆಕೆ ನಕ್ಕ ನಗುವನ್ನು ಹೇಗೆ ಬರೆಯಲಿ. ನನಗೂ ನಗು ಬಂತು, ಅಳುವೂ ಬಂತು.

ನಂತರ ಆಕೆ, “ಇದನ್ನ ಬರದ ಕೊಡು. ನನ್ನ ಬಾಯಿ ಮಾತು ಮನ್ಯಾಗ ಯಾರೂ ನಂಬೂದಿಲ್ಲ” ಎಂದರು.

ನನ್ನ ಎಡಗೈ ಪಕ್ಕದಲ್ಲೇ ಕಂಪನಿಯ ಹೆಸರಿದ್ದ ಪ್ಯಾಡು, ರಬ್ಬರ್ ಶಿಕ್ಕೆ ಎರಡೂ ಇದ್ದವು. ಮರಾಠಿಯಲ್ಲಿ ಎರಡು ಸಾಲು ಬರೆದು, ಸಹಿ ಮಾಡಿ, ಶಿಕ್ಕೆ ಒತ್ತಿದ್ದರೆ ಮುಗಿದಿತ್ತು. ಆದರೆ ಆ ಕಾಗದ ನಾಳೆ ತಿರುಗಿ ಬಂದು ಮೇಲ್ವಿಚಾರಕರ ಕೈ ಸೇರಿದರೆ? ಒಂದರ ಹಿಂದೆ ಉಳಿದ ಹದಿನೆಂಟೂ ಎದ್ದು ಕೂತರೆ? ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುವುದು ಕಣ್ಣಿಗೆ ಕಟ್ಟಿತು. ಆಗ ನನಗೊಂದು ಜಾಣತನ ಹೊಳೆಯಿತು. ಕನ್ನಡದಲ್ಲಿ ಬರೆದರೆ ಆಫೀಸಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ಬೇಕಾದವರು ಮಾತ್ರ ಓದಿಕೊಳ್ಳುತ್ತಾರೆ. ನನ್ನ ವಹಿಯಿಂದ ಒಂದು ಬರಿಯ ಹಾಳೆ ಹರಿದು ಬರೆದೆ: ‘ಪ್ಲೇಯರಿನೊಳಗೆ ನೀರು ಹೋಗಿಲ್ಲ. ಕೆಂಪಗೆ ಕಂಡದ್ದು ಪೂಜೆಯ ಕುಂಕುಮ. ತಪ್ಪು ನೋಡಿದವರದು.’ ಸಹಿ ಹಾಕಲಿಲ್ಲ. ಆಕೆಯೂ ಕೇಳಲಿಲ್ಲ. ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ನಿನ್ನ ಹೊಟ್ಟಿ ತಣ್ಣಗಿರಲಿ ಎಂದು ಹರಸಿ ಹೋದರು. ನಾನು ಆ ದಿನ ಮನೆಗೆ ಹಗುರಾಗಿ ಹೋದೆ.

ಮೂರನೆಯ ದಿನ ಇಬ್ಬರೂ ಬಂದರು. ಮೇಲ್ವಿಚಾರಕರು ಆಗ ನನ್ನ ಗೂಡಿನೊಳಗೇ ನಿಂತು ಹೊಸ ಬ್ಯಾಟರಿಗಳ ಪೆಟ್ಟಿಗೆ ಬಿಚ್ಚುತ್ತಿದ್ದರು. ಗಂಡ ನಾನು ಬರೆದ ಆ ಚೀಟಿಯನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಕೊಂಡು ತಂದಿದ್ದರು. ಕಿಂಡಿಯಲ್ಲಿ ಅದನ್ನು ನನ್ನ ಕಡೆ ತಿರುಗಿಸಿ ಇಟ್ಟು, ಬಹಳ ಮರ್ಯಾದೆಯಿಂದ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ಇದು ನಿಮ್ಮ ಆಫೀಸಿನಿಂದ ಕೊಟ್ಟದ್ದೇ ಎಂದು ಮರಾಠಿಯಲ್ಲಿ ಕೇಳಿದರು. ಶಿಕ್ಕೆ ಇಲ್ಲ, ಸಹಿ ಇಲ್ಲ, ಮೇಲಾಗಿ ಕನ್ನಡ. ಪುಣೆಯ ಆಫೀಸಿನಲ್ಲಿ ಕನ್ನಡದಲ್ಲಿ ಯಾರು ಬರೆದು ಕೊಡುತ್ತಾರೆ? ಮೊದಲು ಕೆಂಪಗಿದ್ದ ಚುಕ್ಕೆ ಈಗ ಬೆಳ್ಳಗಾಗಿದೆ. ತನ್ನ ಹೆಂಡತಿಯೇ ಅದನ್ನು ಕೆರೆದು ಒರೆಸಿ, ಈ ಚೀಟಿಯನ್ನೂ ತಾನೇ ಬರೆದುಕೊಂಡಿದ್ದಾಳೆ ಎಂದು ಅವರಿಗೆ ಅನುಮಾನ. ಆಕೆ ಪೆನ್ನು ಹಿಡಿದು ವರ್ಷಗಳೇ ಆಗಿವೆ, ಅಕ್ಷರದ ಗುರುತು ಸಿಗುವುದಿಲ್ಲವಂತೆ. ನಾಳೆ ಡಾಕ್ಟರರನ್ನು ನೋಡಲು ಹೋಗುವುದಿದೆ, ಅದಕ್ಕೆ ಮೊದಲು ಖಾತ್ರಿ ಮಾಡಿಕೊಳ್ಳಬೇಕು ಎಂದರು. ಕೊನೆಗೆ, “ಇಲ್ಲಿ ಕನ್ನಡ ಬರುವವರು ಯಾರಾದರೂ ಇದ್ದಾರೆಯೇ ಮೇಡಂ?” ಎಂದು ಕೇಳಿದರು.

ಮೇಲ್ವಿಚಾರಕರ ಕೈ ಪೆಟ್ಟಿಗೆಯ ಮೇಲೆ ನಿಂತಿತು. ನಾನು ಧಾರವಾಡದವಳೆಂದು ಅವರಿಗೆ ಗೊತ್ತು. ಅವರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು.

“ನಾಹೀ” ಎಂದೆ.

ಯೋಚಿಸಿ ಅಂದದ್ದಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ಎರಡು ಅಕ್ಷರದ ಮೊದಲು ಸಾಕಷ್ಟು ಹೊತ್ತಿತ್ತು.

ಹೆಂಡತಿ ಕಿಂಡಿಗೆ ಮುಖ ತಂದರು. “ಅಲ್ಲವ್ವಾ, ನೀನ ಅಲ್ಲೇನು ಬರದ ಕೊಟ್ಟಾಕಿ? ಕುಂಕುಮ ಊದಿ ತೋರಿಸಿದಿ? ನನ್ನ ಕೈ ಹಿಡದಿದ್ದಿ?”

ನಾನು ಆಕೆಯ ಕಡೆ ನೋಡಿದೆ. ಅಷ್ಟು ದಿನ ಕಲಿತ, ಕನ್ನಡ ಅರ್ಥವಾಗದವಳ ಮುಖವನ್ನು ಮಾಡಿದೆ. ಗಂಡ ಮರಾಠಿಯಲ್ಲಿ ನನ್ನ ಕ್ಷಮೆ ಕೇಳಿ, “ಬಿಡ, ಅವರಿಗೆ ತಿಳಿಯೂದಿಲ್ಲ” ಎಂದು ಆಕೆಗೆ ಹೇಳಿದರು.

ಆಕೆ ಚೀಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು. ಮತ್ತೆ ನನ್ನ ಮುಖ ನೋಡಿದರು. ಅದರಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದರು.

“ಹಂಗಾರ ನಾನ ಬರದಿರಬೇಕ್ರಿ” ಎಂದರು ಗಂಡನಿಗೆ, ಮೆಲ್ಲಗೆ. “ನನಗ ನೆನಪಿಲ್ಲ ನೋಡ್ರಿ.”

ಗಂಡ ಬೈಯಲಿಲ್ಲ. ಇರಲಿ, ನಡಿ ಎಂದು ಆಕೆಯ ರಟ್ಟೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದರು. ಬಂದಾಗ ಆಕೆ ತಾನೇ ಹತ್ತಿ ಬಂದಿದ್ದರು. ಎದ್ದು ಓಡಿ ಹೋಗಿ ಹೇಳಿಬಿಡಬೇಕು ಎನಿಸಿತು. ಬಾಗಿಲಿಗೆ ಬೀಗವಿತ್ತು ಎಂದು ನೆಪ ಹೇಳಲೂ ಬರುವುದಿಲ್ಲ. ಮೇಲ್ವಿಚಾರಕರು ಒಳಗೆ ಬರಲೆಂದು ತೆಗೆದ ಬಾಗಿಲು ಹಾಗೇ ತೆರೆದಿತ್ತು.

ನನ್ನ ಕರಾರು ಇನ್ನೊಂದು ವರ್ಷಕ್ಕೆ ಹೊಸದಾಯಿತು. ಮನೆಯಲ್ಲಿ ಶ್ರೀಖಂಡ ಮಾಡಿದರು. ಚಿಂಚವಾಡದ ಆ ದಂಪತಿಯ ಫೋನ್ ನಂಬರು ಕಂಪ್ಯೂಟರಿನಲ್ಲಿತ್ತು. ಒಂದು ಸಲ ಮಾಡಿದೆ, ಗಂಡ ಎತ್ತಿದರು. ಅವರ ಹಿಂದೆ ಅಡುಗೆ ಮನೆಯಲ್ಲಿ ಬೇರೆ ಯಾರೋ ಹೆಂಗಸು ಮರಾಠಿಯಲ್ಲಿ, “ಆಜೀ, ನೀವು ಕೈ ಹಚ್ಚಬೇಡಿ, ಸುಮ್ಮನೆ ಕೂತಿರಿ” ಎನ್ನುತ್ತಿದ್ದಳು. ನಾನು ಮಾತಾಡದೆ ಫೋನ್ ಇಟ್ಟೆ.

ಆ ಚೀಟಿ ಬರೆದವಳು ನಾನು. ಆಕೆ ಅದನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದರು.